ನಲವತ್ತೊಂದು ಸಲ ಹೌದು

ಕಾರ್ತಿಕ ಮಾಸದ ಎರಡನೇ ಸೋಮವಾರ, ಬೆಳಿಗ್ಗೆ ಏಳೂಕಾಲು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದ ರೈತರಿಗೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ಕೊಡುವ ಒಂದು ಬಿತ್ತನೆ ಕೋಠಿ. ಹಾಜರಿದ್ದವರು ಮೂವರು: ಕೋಠಿಯ ಮೇಲ್ವಿಚಾರಣೆ ನೋಡುತ್ತಿದ್ದ ನಾನು, ಸೂಕ್ಷ್ಮದರ್ಶಕದಲ್ಲಿ ಚಿಟ್ಟೆ ಪರೀಕ್ಷೆ ಮಾಡುವ ಲಕ್ಷ್ಮೀದೇವಮ್ಮ, ಕಂಪ್ಯೂಟರ್ ರಿಪೇರಿಯ ಅಬ್ಬಾಸ್. ಹೊರಗೆ ಮೂರು ದಿನದಿಂದ ಬಿಡದ ಜಡಿಮಳೆ. ಒಳಗೆ ಮೇಜಿನ ಮೇಲೆ ಕಂಪ್ಯೂಟರ್. ಅದರ ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬಿಳಿ ಅಕ್ಷರ, ಕೊನೆಗೆ ಮಿಟುಕುವ ಒಂದು ಗೀಟು.

ಎರಡು ವರ್ಷ ಆಯಿತು. ಕಳೆದ ವಾರ ಗೌರಿಬಿದನೂರು ಸ್ಟೇಷನ್ನಿನಲ್ಲಿ ಹಿಂದೂಪುರದ ಗಾಡಿಗೆ ಕಾಯುತ್ತಿದ್ದೆ. ಪ್ಲಾಟ್‌ಫಾರಂ ತೊಳೆಯುತ್ತಿದ್ದರು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು. ನಾನು ಗೊತ್ತಿಲ್ಲದೆ ಬಗ್ಗಿ ಚಪ್ಪಲಿ ಬಿಚ್ಚಲು ಹೋದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಕೋಠಿಯಲ್ಲಿ ಕೆಲಸ ಮಾಡಿದವನ ಕಾಲು ಅದು. ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದದೆ ಹೊಸ್ತಿಲು ದಾಟಿದ್ದೇ ಇಲ್ಲ. ಆ ವಾಸನೆಯ ಹಿಂದೆಯೇ ಆ ಮಳೆಗಾಲ, ಆ ಯಂತ್ರ, ಆ ಸೋಮವಾರ ಎಲ್ಲ ಬಂದವು. ಗಾಡಿ ಬಂದು ಹೋಯಿತು. ನಾನು ಹತ್ತಲಿಲ್ಲ.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಈ ಖಾಸಗಿ ಕೋಠಿಗೆ ಸೇರಿದೆ. ಚಿಕ್ಕದು. ಎರಡೇ ಕೋಣೆ. ಒಂದರಲ್ಲಿ ಮೊಟ್ಟೆ ಇಟ್ಟು ಮುಗಿಸಿದ ತಾಯಿ ಚಿಟ್ಟೆಗಳನ್ನು ಒರಳಿನಲ್ಲಿ ಜಜ್ಜಿ, ರಸವನ್ನು ಗಾಜಿನ ಮೇಲೆ ಹಾಕಿ, ಗಂಟುರೋಗದ ಕಾಳಿನಂಥ ರೋಗಾಣು ಇದೆಯೇ ಎಂದು ನೋಡುವುದು. ಇನ್ನೊಂದರಲ್ಲಿ ಮೊಟ್ಟೆ ಇಡುವುದು. ತಾಯಿಗೆ ಗಂಟುರೋಗವಿದ್ದರೆ ಮೊಟ್ಟೆಗೂ ಇರುತ್ತದೆ, ಅದಕ್ಕೆ ಔಷಧಿ ಇಲ್ಲ. ಆ ಮೊಟ್ಟೆಯಿಂದ ಬಂದ ಒಂದು ಹುಳು ತಟ್ಟೆಯನ್ನು ಕೆಡಿಸುತ್ತದೆ, ತಟ್ಟೆ ಮನೆಯನ್ನು, ಮನೆ ಊರನ್ನು. ಆದ್ದರಿಂದ ನಮ್ಮ ಕೆಲಸದಲ್ಲಿ ನಿಯಮವೇ ಎಲ್ಲ. ಆರು ಗಂಟೆಗೆ ಬಾಗಿಲು ತೆಗೆಯಬೇಕು. ಆರು, ಹನ್ನೆರಡು, ಐದಕ್ಕೆ ಶಾಖ ಮತ್ತು ತೇವ ಬರೆಯಬೇಕು. ಜಜ್ಜುವ ಕೋಣೆಯಲ್ಲಿ ಮುಟ್ಟಿದ ಕಾಗದ ಯಾವುದೂ ರಾತ್ರಿ ಉಳಿಯಕೂಡದು, ನೀರು ಕಾಯಿಸುವ ಒಲೆಗೆ ಹೋಗಬೇಕು. ಐದೂವರೆಗೆ ರೋಗಾಣು ಸಾಯಿಸುವ ಫಾರ್ಮಲಿನ್ ಸಿಂಪಡಿಸಿ, ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಬೇಕು. ಒಂದು ದಿನವೂ ನಾನು ಇವನ್ನು ತಪ್ಪಿಸಿದವನಲ್ಲ.

ಆ ವರ್ಷ ಆ ಕೋಠಿಯಲ್ಲಿ ಉಳಿಯಬೇಕಾಗಿದ್ದದ್ದು ಒಂದೇ, ಲಕ್ಷ್ಮೀದೇವಮ್ಮನ ಹುಳುವಿನ ತಳಿ.

ಅದರ ಹಿಂದಿನ ಬೇಸಿಗೆಯಲ್ಲಿ ಚಿಂತಾಮಣಿ ಕಡೆಯ ಆಕೆಯ ತವರಿನಲ್ಲಿ ಬಿಸಿಲಿಗೆ ತಟ್ಟೆಗಟ್ಟಲೆ ಹುಳು ಸಪ್ಪೆರೋಗ ಬಂದು ಸತ್ತಿದ್ದವು. ಒಂದು ತಟ್ಟೆಯ ಮೂಲೆಯಲ್ಲಿ ಇಪ್ಪತ್ತೋ ಇಪ್ಪತ್ತೈದೋ ಹುಳು ಮಾತ್ರ ಏನೂ ಆಗದವುಗಳ ಹಾಗೆ ಸೊಪ್ಪು ಮೇಯುತ್ತಿದ್ದವಂತೆ. ಆಕೆ ಅವನ್ನು ಬೇರೆ ಮಾಡಿ, ಗೂಡು ಕಟ್ಟಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ನಾನು ಬಾಗಿಲಲ್ಲೇ ತಡೆದೆ. ತಾಯಿ ಚಿಟ್ಟೆಗಳನ್ನೆಲ್ಲ ಪರೀಕ್ಷೆ ಮಾಡಿಸಿ, ರೋಗವಿಲ್ಲ ಎಂದು ಖಚಿತವಾದ ಮೇಲೆ ಒಳಗೆ ಬಿಟ್ಟೆ. ಅಲ್ಲಿಂದ ಏಳು ಪೀಳಿಗೆ ಆಕೆ ಆ ಹುಳುಗಳನ್ನು ಆರಿಸುತ್ತಾ ಬಂದಳು. ಬಿಸಿಲಿಗೆ ಜಗ್ಗದ ಹುಳು, ಗಟ್ಟಿ ಗೂಡು. ಏಳನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು. ಆಕೆಯ ಕಣ್ಣಿನಂಥ ಕಣ್ಣನ್ನು ನಾನು ಸರ್ಕಾರಿ ನೌಕರಿಯಲ್ಲೂ ಕಂಡಿರಲಿಲ್ಲ.

"ಇನ್ನೊಂದು ಪೀಳಿಗೆ ಸಾರ್," ಅನ್ನುತ್ತಿದ್ದಳು. "ಎಂಟು ದಾಟಿದ್ರೆ ಊರಿಗೆ ಕೊಡಬೋದು. ನಮ್ಮಣ್ಣ ಕೇಳ್ತಾನೇ ಅವ್ನೆ, ಏನಮ್ಮ ನಿನ್ನ ಹುಳುಗೆ ಇನ್ನೂ ನಾಮಕರಣ ಆಗ್ಲಿಲ್ವಾ ಅಂತ."

ಕಂಪ್ಯೂಟರ್ ಬಂದದ್ದು ಜೂನ್‌ನಲ್ಲಿ. ಮೊಟ್ಟೆ ಕೊಳ್ಳುವವರು ಪರೀಕ್ಷೆಯ ವಿವರವನ್ನು ಅಚ್ಚು ಮಾಡಿಸಿ ಕೇಳುತ್ತಿದ್ದಾರೆ ಎಂದು ಚಿಕ್ಕಬಳ್ಳಾಪುರದಲ್ಲಿದ್ದ ಯಜಮಾನರು ಒಂದು ಹಳೆಯ ಯಂತ್ರ ಕಳಿಸಿದರು. ಜೊತೆಗೆ ಅಬ್ಬಾಸ್‌ನನ್ನೂ ಕಳಿಸಿದರು. ಅಲೀಪುರದವನು. ಚಿಂತಾಮಣಿ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ, ನಲವತ್ತು ದಾಟಿದ ಮನುಷ್ಯ, ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಹಳೆ ಯಂತ್ರಕ್ಕೆ ಭಾರದ ಸಾಮಾನು ಬೇಡವೆಂದು ಆತ ಅದಕ್ಕೆ ಲಿನಕ್ಸ್ ಹಾಕಿದ. ಯಾರೋ ಊರೂರಿನ ಜನ ಕೂಡಿ ಬರೆದು, ಎಲ್ಲರಿಗೂ ಬಿಟ್ಟುಕೊಟ್ಟ ವ್ಯವಸ್ಥೆಯಂತೆ ಅದು.

ಬಾಗಿಲಲ್ಲಿ ನಾನು ಆತನಿಗೆ ಪಾದ ಅದ್ದಿಸಿದೆ. ಕೈಯಲ್ಲಿದ್ದ ಪೆನ್‌ಡ್ರೈವ್ ತೋರಿಸಿ, ಅದು ಎಲ್ಲೆಲ್ಲಿ ಹೋಗಿ ಬಂದಿದೆ ಎಂದು ಕೇಳಿದೆ.

"ಇದಾ? ಇದು ತಾಲ್ಲೂಕೆಲ್ಲ ಸುತ್ತಿದೆ ಸಾರ್. ಸ್ನಾನ ಮಾಡಿಸ್ತೀರಾ?"

"ಫಾರ್ಮಲಿನ್ ಬಟ್ಟೆಯಲ್ಲಿ ಒರೆಸಿ ತನ್ನಿ."

"ಅಕ್ಕಾ, ನಿಮ್ ಸಾರು ನನ್ನೂ ಒರೆಸಿಬಿಡ್ತಾರೇನೋ," ಎಂದು ಆತ ಲಕ್ಷ್ಮೀದೇವಮ್ಮನಿಗೆ ಹೇಳಿದ.

"ಸುಮ್ನೆ ಒರೆಸ್ಕೊಳ್ಳಿ ಅಬ್ಬಾಸಣ್ಣ. ಯಜಮಾನರನ್ನೇ ಬಿಟ್ಟಿಲ್ಲ ಅವ್ರು."

ಹೊರಡುವ ಮುನ್ನ ಅಬ್ಬಾಸ್ ಎರಡು ಮಾತು ಹೇಳಿದ. ಪ್ರತಿದಿನ ಬರೆದದ್ದನ್ನು ಒಂದು ಪೆನ್‌ಡ್ರೈವ್‌ಗೂ ನಕಲು ಮಾಡಿ ಬೇರೆ ಕಡೆ ಇಡಿ. ಯಂತ್ರ ಮುಚ್ಚುವಾಗ ಪರದೆ ಕಪ್ಪಾದರೆ ಮುಗಿಯಿತು ಅನ್ನಬೇಡಿ, ಮುಂದಿನ ಕೆಂಪು ದೀಪ ಮಿಣುಕುವುದು ನಿಲ್ಲಬೇಕು, ಆಮೇಲೆ ಕರೆಂಟ್ ತೆಗೆಯಿರಿ. ನಾನು ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಎರಡನ್ನೂ ಪಾಲಿಸಲಿಲ್ಲ. ದಿನಾ ಒಳಗೂ ಹೊರಗೂ ಓಡಾಡುವ ವಸ್ತುವನ್ನು ಕೋಠಿಯೊಳಗೆ ಬಿಡುವುದು ನನ್ನ ಅಭ್ಯಾಸಕ್ಕೆ ಒಗ್ಗಲಿಲ್ಲ. ಯಂತ್ರ ಇದ್ದದ್ದು ಮೊಟ್ಟೆಯ ಕೋಣೆಯಲ್ಲಿ. ಒಡೆಯಲು ಎರಡು ದಿನವಿರುವ ಮೊಟ್ಟೆಗಳನ್ನು ಕಗ್ಗತ್ತಲಲ್ಲಿ ಇಡಬೇಕು, ಇಲ್ಲದಿದ್ದರೆ ಮರಿಗಳು ಹಿಂದುಮುಂದಾಗಿ ಹೊರಡುತ್ತವೆ. ಹಾಗಾಗಿ ಆ ಕೆಂಪು ದೀಪದ ಮೇಲೆ ಎರಡನೇ ದಿನವೇ ಕಪ್ಪು ಕಾಗದ ಅಂಟಿಸಿದೆ.

ಐದೂವರೆ ಆಗುತ್ತಿತ್ತು. ಪರದೆ ಕಪ್ಪಾಗುತ್ತಿತ್ತು. ನಾನು ಮೇನ್ ಇಳಿಸುತ್ತಿದ್ದೆ.

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಯಂತ್ರ ಏಳಲಿಲ್ಲ. ಪರದೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂಬ ಎರಡೇ ಪದ. ಅಬ್ಬಾಸ್ ಬಂದು ನೋಡಿದ.

"ಮನೆ ಇದೆ, ಮನೆಗೆ ದಾರಿ ತೋರ್ಸೋನು ದಾರಿ ಮರೆತವ್ನೆ ಸಾರ್. ಹಿಂದಿನ ಸಂಜೆ ಅದು ತನ್ನನ್ನ ತಾನು ಹೊಸದು ಮಾಡ್ಕೊಳ್ತಿತ್ತು. ಮಧ್ಯದಲ್ಲಿ ಕರೆಂಟ್ ಹೋಗಿದೆ."

"ನಮ್ಮ ಕಡೆ ಕರೆಂಟ್ ಹೋಗೋದು ಹೊಸದೇನಲ್ಲ," ಎಂದೆ. ಮೇನ್ ಸ್ವಿಚ್ಚಿನ ವಿಷಯ ನನ್ನ ತಲೆಗೇ ಬರಲಿಲ್ಲ. ನನ್ನ ಲೆಕ್ಕದಲ್ಲಿ ಕರೆಂಟ್ ಹೋಗುವುದು ಬೇರೆ, ಹೊತ್ತಿಗೆ ಸರಿಯಾಗಿ ಮೇನ್ ಇಳಿಸುವುದು ಬೇರೆ.

ಆತ ಡಿಸ್ಕಿನ ಯಾವ ಭಾಗದಲ್ಲಿ ವ್ಯವಸ್ಥೆ ಇದೆ ಎಂದು ಒಂದೊಂದಾಗಿ ಹುಡುಕಿ, ಅದನ್ನು ಯಂತ್ರಕ್ಕೆ ತೋರಿಸಿ, ಏಳಿಸಿದ. ನಾನು ಪಕ್ಕದಲ್ಲಿ ನಿಂತು ಪ್ರತಿ ಹೆಜ್ಜೆಯನ್ನೂ ಬರೆದುಕೊಂಡೆ. ಒಂಬತ್ತು ಹೆಜ್ಜೆ. ಮುಂದಿನ ಸಲ ಹಾಗೇ ಆದಾಗ ನಾನೇ ಏಳಿಸಿದೆ. ಯಂತ್ರ ಎದ್ದು ನಿಂತಾಗ ಲಕ್ಷ್ಮೀದೇವಮ್ಮ ಕೈ ತಟ್ಟಿ, "ಸಾರ್, ಇನ್ನು ನೀವೇ ಬಸ್ ಸ್ಟ್ಯಾಂಡಲ್ಲಿ ಅಂಗಡಿ ಹಾಕ್ಬೋದು," ಎಂದಳು. ನನಗೆ ಹೆಮ್ಮೆಯಾಯಿತು. ಅರವತ್ತೈದರ ಮೇಲೆ ಹೊಸ ವಿದ್ಯೆ ಕೈಹತ್ತಿತಲ್ಲ ಎಂದು.

ಗೌರಿ ಹಬ್ಬದ ಆಸುಪಾಸಿನಲ್ಲಿ ಬೇರೆ ರೀತಿ ನಿಂತಿತು. ಡಿಸ್ಕಿನಲ್ಲಿ ತಪ್ಪುಗಳಿವೆ, ಕೈಯಿಂದಲೇ ತಪಾಸಣೆ ನಡೆಸಿ ಎಂದು ಪರದೆ ಹೇಳುತ್ತಿತ್ತು. ಫೋನಿನಲ್ಲಿ ಅಬ್ಬಾಸ್ ಹೇಳಿದ ಆಜ್ಞೆಯನ್ನು ಹೊಡೆದೆ. ಯಂತ್ರ ಒಂದೊಂದೇ ಪ್ರಶ್ನೆ ಕೇಳತೊಡಗಿತು. ಇದನ್ನು ಸರಿಪಡಿಸಲೇ? ಇದನ್ನು ತೆಗೆದುಹಾಕಲೇ? ಹೌದಾದರೆ ವೈ ಒತ್ತಿ. ಅವತ್ತು ಕೇಳಿದ್ದು ಆರು ಪ್ರಶ್ನೆ. ಆರಕ್ಕೂ ವೈ ಒತ್ತಿದೆ. ಯಂತ್ರ ಎದ್ದಿತು. ಮತ್ತೆ ದಸರಾ ಕಳೆದ ಮೇಲೆ ಹದಿನೈದು ಪ್ರಶ್ನೆ. ಅದಕ್ಕೂ ಎದ್ದಿತು. ಪ್ರಶ್ನೆಗಳು ಹೆಚ್ಚುತ್ತಿವೆ ಎಂಬುದು ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು. ಅದನ್ನು ರೋಗಲಕ್ಷಣ ಎಂದು ನಾನು ಓದಲಿಲ್ಲ. ಒಂದು ತಟ್ಟೆಯಲ್ಲಿ ಮೊದಲ ದಿನ ಆರು ಹುಳು, ಆಮೇಲೆ ಹದಿನೈದು ಹುಳು ಸತ್ತಿದ್ದರೆ ಆ ತಟ್ಟೆಯನ್ನು ಅವತ್ತೇ ಹೊರಗಿಡುತ್ತಿದ್ದವನು ನಾನು.

ಇನ್ನು ಆ ಸೋಮವಾರದ ಹಿಂದಿನ ಶನಿವಾರ.

ಎಂಟನೇ ಪೀಳಿಗೆಯ ಅರವತ್ತು ತಾಯಿ ಚಿಟ್ಟೆಗಳು, ಅಂಗೈಯಗಲದ ಅರವತ್ತು ಹಾಳೆಗಳ ಮೇಲೆ ಅವುಗಳ ಮೊಟ್ಟೆ. ಹಾಳೆಯ ಮೇಲೆ ಸಂಖ್ಯೆ ಬಿಟ್ಟು ಬೇರೆ ಗುರುತಿಲ್ಲ. ಕಂಪ್ಯೂಟರ್ ಇರುವಾಗ ಹಾಳೆಗೇಕೆ ಗೀಚಬೇಕು ಎಂದು ನಾನೇ ನಿಲ್ಲಿಸಿದ್ದೆ. ಲಕ್ಷ್ಮೀದೇವಮ್ಮ ಬೆಳಿಗ್ಗೆಯಿಂದ ಅರವತ್ತೂ ಚಿಟ್ಟೆಗಳನ್ನು ನೋಡಿದಳು. ಐವತ್ತೆಂಟು ಶುದ್ಧ, ಎರಡರಲ್ಲಿ ರೋಗ. ಆಕೆ ಬರೆದುಕೊಟ್ಟ ಚೀಟಿ ನೋಡಿ ನಾನು ಯಂತ್ರಕ್ಕೆ ಏರಿಸಿದೆ, ಚೀಟಿಯನ್ನು ಒಲೆಗೆ ಹಾಕಿದೆ. ಆ ಎರಡು ಹಾಳೆಯನ್ನು ಅವತ್ತೇ ಸುಡಬೇಕಿತ್ತು. ಸುಡುವ ಗುಂಡಿಯಲ್ಲಿ ಮಳೆನೀರು ಮೊಣಕಾಲುದ್ದ ನಿಂತಿತ್ತು. ಒಲೆಯಲ್ಲಿ ಮೊಟ್ಟೆ ಸುಡುವ ಹಾಗಿಲ್ಲ, ಆ ಬೂದಿಯನ್ನು ಹೆಂಗಸರು ಪಾತ್ರೆ ತೊಳೆಯಲು ಮನೆಗೆ ಒಯ್ಯುತ್ತಾರೆ. ಅರವತ್ತೂ ಹಾಳೆ ಮಂಜುಗಡ್ಡೆ ಹಾಕಿದ ತಣ್ಣನೆಯ ಪೆಟ್ಟಿಗೆಯಲ್ಲೇ ಇರಲಿ, ಬೇರೆ ಪೆಟ್ಟಿಗೆ ಇಲ್ಲ, ಸಂಖ್ಯೆ ಹೇಗೂ ಯಂತ್ರದಲ್ಲಿದೆ, ಸೋಮವಾರ ಆ ಎರಡನ್ನು ತೆಗೆದು ಸುಡೋಣ ಎಂದೆ. ಐದೂವರೆಗೆ ಮೇನ್ ಇಳಿಸಿದೆ.

ಸೋಮವಾರ ಆರಕ್ಕೆ ಬಂದಾಗ ಅದೇ ಕಪ್ಪು ಪರದೆ. ನನಗೆ ವಿದ್ಯೆ ಗೊತ್ತಿತ್ತಲ್ಲ. ಆಜ್ಞೆ ಹೊಡೆದೆ, ವೈ ಒತ್ತುತ್ತಾ ಹೋದೆ. ಪ್ರಶ್ನೆಗಳು ಮುಗಿದ ಮೇಲೂ ಯಂತ್ರ ಏಳಲಿಲ್ಲ. ಆಗ ಅಬ್ಬಾಸ್‌ಗೆ ಫೋನ್ ಮಾಡಿದೆ. ಮೊದಲ ಬಸ್ಸಿಗೇ ಬಂದ.

ಆತ ಪರದೆ ನೋಡಿದ. ತಮಾಷೆ ಮಾಡಲಿಲ್ಲ. "ಬೆಳಿಗ್ಗೆ ಏನಾದ್ರೂ ಒತ್ತಿದ್ರಾ ಸಾರ್?"

"ಒತ್ತಿದೆ. ಪ್ರತಿಯೊಂದಕ್ಕೂ ವೈ."

"ಎಷ್ಟು ಸಲ?"

ಪುಸ್ತಕ ತೆರೆದು ತೋರಿಸಿದೆ. ಐದೈದು ಗೀಟಿನ ಎಂಟು ಕಟ್ಟು, ಮೇಲೊಂದು ಗೀಟು. ನಲವತ್ತೊಂದು.

"ಏನ್ ಕೇಳ್ತಿತ್ತು ಅಂತ ಓದಿದ್ರಾ?"

ನಾನು ಪುಸ್ತಕ ಮುಚ್ಚಿದೆ. ಆತ ಯಂತ್ರವನ್ನು ಮೇಜಿನ ಅಂಚಿಗೆ ಎಳೆದು, ಮುಂಭಾಗ ನೋಡಿ, ಕಪ್ಪು ಕಾಗದವನ್ನು ಉಗುರಿನಿಂದ ಎಬ್ಬಿಸಿದ. ಕೆಂಪು ದೀಪ ಕಂಡಿತು. ಆತ ದೀಪ ನೋಡಿದ, ಗೋಡೆಯ ಮೇನ್ ಸ್ವಿಚ್ ನೋಡಿದ, ಅದರ ಪಕ್ಕದಲ್ಲಿ ನಾನು ಕೆಂಪು ಅಕ್ಷರದಲ್ಲಿ ಬರೆಸಿ ಹಾಕಿದ್ದ 'ಸಂಜೆ ೫.೩೦ಕ್ಕೆ ಇಳಿಸುವುದು' ಎಂಬ ಹಲಗೆ ನೋಡಿದ.

"ದಿನಾನಾ ಸಾರ್?"

"ದಿನಾ."

"ಅದು ಬರೀತಾ ಇರ್ವಾಗ್ಲೇ ಕೈಯಿಂದ ಸ್ಲೇಟು ಕಿತ್ಕೊಂಡಂಗೆ ಆಗಿದೆ ಸಾರ್, ದಿನಾ. ಅರ್ಧ ಬರ್ದಿದ್ದು ಅಲ್ಲಲ್ಲೇ ಉಳಿದಿದೆ. ನಿಮ್ಮ ವೈ ಅದನ್ನ ಒರೆಸಿ ಚೊಕ್ಕಟ ಮಾಡಿದೆ."

ಬೈದಿದ್ದರೆ ಚೆನ್ನಾಗಿತ್ತು. ಆತ ಬೈಯಲಿಲ್ಲ.

ಪೆನ್‌ಡ್ರೈವ್‌ನಲ್ಲೇ ಒಂದು ಲಿನಕ್ಸ್ ತಂದಿದ್ದ. ಅದರಿಂದ ಯಂತ್ರವನ್ನು ಏಳಿಸಿ, ಕೆಟ್ಟ ಡಿಸ್ಕನ್ನು ಹೊರಗಿನಿಂದ ನೋಡತೊಡಗಿದ. ಲಕ್ಷ್ಮೀದೇವಮ್ಮ ಆತನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತಳು. ಮೊಟ್ಟೆಗಳ ವಿವರವಿದ್ದ ಕಡತ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಡಿಸ್ಕಿನೊಳಗೇ ಬೇರೆಲ್ಲೋ ಚೀಲದಂಥ ಒಂದು ಜಾಗದಲ್ಲಿ, ಹೆಸರಿಲ್ಲದ, ಬರೀ ಸಂಖ್ಯೆ ಅಂಟಿಸಿದ ತುಣುಕುಗಳು ರಾಶಿ ಬಿದ್ದಿದ್ದವು. ಸರಿಪಡಿಸುವಾಗ ಯಾರದ್ದೆಂದು ತಿಳಿಯದ ತುಣುಕನ್ನೆಲ್ಲ ಅಲ್ಲಿಗೆ ಹಾಕುತ್ತದಂತೆ. ಆತ ಒಂದೊಂದನ್ನೇ ತೆರೆದ. ಅರ್ಥವಿಲ್ಲದ ಗೀಚು. ಮುಂದಿನದು. ಗೀಚು.

ಹತ್ತೂ ನಲವತ್ತಕ್ಕೆ ಒಂದು ತೆರೆದುಕೊಂಡಿತು. ಸಾಲು ಸಾಲಾಗಿ ಸಂಖ್ಯೆಗಳು, ಪಕ್ಕದಲ್ಲಿ 'ಶುದ್ಧ', 'ಶುದ್ಧ', 'ಶುದ್ಧ'.

"ಸಿಕ್ತಲ್ಲಪ್ಪ!" ಎಂದು ಲಕ್ಷ್ಮೀದೇವಮ್ಮ ಎದ್ದೇಬಿಟ್ಟಳು. "ನಮ್ದೇ ಅಬ್ಬಾಸಣ್ಣ, ನಮ್ದೇ! ಕೆಳಕ್ಕೆ ಹೋಗಿ!"

ಆತ ಕೆಳಗೆ ಹೋದ. ಸಾಲುಗಳು ನಲವತ್ತೆಂಟಕ್ಕೆ ಮುಗಿದವು. ಈ ಪೀಳಿಗೆಯಲ್ಲಿ ಅರವತ್ತು. ನಲವತ್ತೆಂಟು ಇದ್ದದ್ದು ಹಿಂದಿನ ಪೀಳಿಗೆಯಲ್ಲಿ. ಆ ತಾಯಿಗಳು ಹೋಗಿ ಎಷ್ಟೋ ದಿನವಾಗಿತ್ತು, ಆ ಮೊಟ್ಟೆಗಳು ಹುಳುವಾಗಿ, ಗೂಡಾಗಿ, ಚಿಟ್ಟೆಯಾಗಿ, ಈಗ ಪೆಟ್ಟಿಗೆಯಲ್ಲಿರುವ ಮೊಟ್ಟೆ ಇಟ್ಟು ಸತ್ತಿದ್ದವು. ನಾನು ಹೇಳುವ ಮುಂಚೆ ಆಕೆಗೇ ತಿಳಿಯಿತು. ಮೆಲ್ಲಗೆ ಕೂತಳು.

"ಇದೇಂ ಖರ್ಮಮೋ," ಎಂದಳು. ಮನಸ್ಸು ಮುರಿದಾಗ ಆಕೆಯ ಬಾಯಿಗೆ ತವರಿನ ತೆಲುಗು ಬರುತ್ತಿತ್ತು.

ಅಬ್ಬಾಸ್ ಮಧ್ಯಾಹ್ನ ಒಂದು ಗಂಟೆಯವರೆಗೆ ಬಿಡಲಿಲ್ಲ. ಡಿಸ್ಕಿನ ಒಳಗಿಂದ ಕಟಕಟ ಸದ್ದು ಬರತೊಡಗಿತು. ಆಮೇಲೆ ಪೆನ್‌ಡ್ರೈವ್‌ನ ಲಿನಕ್ಸ್‌ಗೂ ಅದು ಕಾಣಿಸಲಿಲ್ಲ. ಆತ ಪೆನ್‌ಡ್ರೈವ್ ತೆಗೆದು ಜೇಬಿಗೆ ಹಾಕಿಕೊಂಡು, "ಅಕ್ಕಾ, ನನ್ ಕೈಯಲ್ಲಿ ಇಷ್ಟೇ," ಎಂದ.

ಉಳಿದದ್ದು ನೆನಪು. ಚಿಟ್ಟೆಗಳನ್ನು ಜಜ್ಜಿ ಎಸೆದಾಗಿತ್ತು, ಮತ್ತೆ ಪರೀಕ್ಷೆ ಮಾಡಲು ಏನೂ ಇರಲಿಲ್ಲ.

"ರೋಗದವು ಯಾವುವು, ನೆನಪು ಮಾಡ್ಕೊಳ್ಳಮ್ಮ," ಎಂದೆ.

"ಒಂದು ಮೂವತ್ತೆಂಟು ಸಾರ್. ಅದು ಖಂಡಿತ. ಊಟಕ್ಕೆ ಏಳೋಕೆ ಮುಂಚೆ ನೋಡಿದ್ದು."

"ಇನ್ನೊಂದು?"

"ಹತ್ತೊಂಬತ್ತು."

ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದೆ. ಐವತ್ತೆರಡು ಎಂದಳು. ಇನ್ನೊಮ್ಮೆ ಕೇಳಿದಾಗ ಬೆರಳು ಮಡಿಸಿ ಎಣಿಸಿ, "ಹನ್ನೊಂದೂ ಇರ್ಬೋದು ಸಾರ್," ಎಂದಳು. ಆಕೆಯನ್ನು ದೂರಲಾರೆ. ಅದೇ ಸಂಖ್ಯೆಯನ್ನು ನನ್ನ ಬೆರಳೂ ಒತ್ತಿತ್ತು. ಬೆರಳು ಒತ್ತಿತು, ತಲೆ ನೋಡಲಿಲ್ಲ. ಅರವತ್ತು ಸಾಲು, ಐದೂವರೆಯೊಳಗೆ ಮುಗಿಯಬೇಕು, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಯಜಮಾನರಿಗೆ ಫೋನ್ ಮಾಡಿದೆ. "ಮೂವತ್ತೆಂಟು, ಇನ್ನೊಂದು ಯಾವುದೋ ನಾಲ್ಕೈದು ತೆಗೆದುಹಾಕಿ ಸ್ವಾಮಿ, ಉಳಿದದ್ದು ಇಟ್ಕೊಳ್ಳಿ. ಯಾರು ಬಂದು ನೋಡ್ತಾರೆ?" ಎಂದರು. ನಾನು ಫೋನಿಟ್ಟು ಆಕೆಗೆ ಅದನ್ನೇ ಹೇಳಿದೆ. ನಿಜ ಹೇಳುತ್ತೇನೆ, ಆಕೆ ಆಗಲಿ ಎಂದರೆ ನಾನೂ ಆಗಲಿ ಎನ್ನುವವನಿದ್ದೆ. ಮೂವತ್ತನಾಲ್ಕು ವರ್ಷದ ನಿಯಮವನ್ನು ಆ ಮಧ್ಯಾಹ್ನ ಬಿಡಲು ಸಿದ್ಧನಿದ್ದೆ.

"ಮರಿ ಆದ್ಮೇಲೆ ಮರಿ ಜಜ್ಜಿ ನೋಡಣ ಅಂತ ನಾನೂ ಲೆಕ್ಕ ಹಾಕ್ದೆ ಸಾರ್," ಎಂದಳು. "ಅರವತ್ತಕ್ಕೆ ಅರವತ್ತು ಕೋಣೆ ಬೇಕು. ನಮ್ತಾವ ಎರಡು. ಒಂದು ತಪ್ಪಿದ್ರೆ ಎಲ್ಲಕ್ಕೂ ಹತ್ತುತ್ತೆ. ಅದು ಗೊತ್ತಾಗೋ ಹೊತ್ಗೆ ನಮ್ಮಣ್ಣನ ಮನೇಲಿ, ಪಕ್ಕದ ಮನೇಲಿ..." ಗೋಡೆಯ ಕಡೆ ನೋಡಿದಳು. "ನನಗೆ ಗೊತ್ತಿಲ್ಲ ಸಾರ್. ಗೊತ್ತಿಲ್ಲದ್ದನ್ನ ಗೊತ್ತು ಅಂತ ಊರಿಗೆ ಕೊಡಕಾಗಲ್ಲ."

"ಹಳೇ ಪೀಳಿಗೆಯ ಗೂಡು ಎಲ್ಲಾದ್ರೂ ಉಳಿದಿದೆಯಾ?"

"ಎಲ್ಲಿಂದ ಉಳೀತವೆ? ನೀವೇ ತಾನೆ ಹಳೇದು ಇಡಬಾರದು ಅಂತ."

ಕೋಪದಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ಅಬ್ಬಾಸ್ ತಲೆ ತಗ್ಗಿಸಿದ.

ಮೂರು ಗಂಟೆಗೆ ಮಳೆ ಸ್ವಲ್ಪ ಬಿಟ್ಟಿತು. ಗುಂಡಿಯ ನೀರನ್ನು ಅಬ್ಬಾಸನೂ ನಾನೂ ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದೆವು. ಆತ ಮೊದಲ ಬಸ್ಸಿಗೆ ಬಂದವನು, ಊಟ ಮಾಡಿರಲಿಲ್ಲ, ಹೋಗಿ ಎಂದರೂ ಹೋಗಲಿಲ್ಲ. ತಳಕ್ಕೆ ಒಣ ಕಡ್ಡಿ, ಮೇಲೆ ಸೀಮೆಎಣ್ಣೆ. ಲಕ್ಷ್ಮೀದೇವಮ್ಮ ತಣ್ಣನೆಯ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದಳು. ನಾನು ಕೈ ಚಾಚಿದೆ.

"ನೀವ್ ಬೇಡಿ ಸಾರ್."

ಒಂದೊಂದಾಗಿ ಹಾಕಿದಳು. ರಾಶಿಯಾಗಿ ಸುರಿಯಬಹುದಿತ್ತು, ಸುರಿಯಲಿಲ್ಲ. ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು, ಮೊಟ್ಟೆ ಹೇಗೆ ಕೂತಿದೆ ಎಂದು ನೋಡಿ, ಆಮೇಲೆ ಹಾಕಿದಳು. ಕೆಲವು ಆಗಲೇ ಬೂದುಬಣ್ಣಕ್ಕೆ ತಿರುಗಿದ್ದವು. ಒಳಗೆ ಮರಿ ಮೂಡಿದಾಗ ಆ ಬಣ್ಣ ಬರುತ್ತದೆ. ಬೆಂಕಿಯಲ್ಲಿ ಮೊಟ್ಟೆಗಳು ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿದವು. ಐವತ್ತೆಂಟು ಶುದ್ಧ ಹಾಳೆ, ಎರಡು ರೋಗದ ಹಾಳೆ. ಸದ್ದಿನಲ್ಲಿ ವ್ಯತ್ಯಾಸವಿರಲಿಲ್ಲ.

ಬೆಂಕಿ ಆರಿದ ಮೇಲೆ ಕಡ್ಡಿಯಿಂದ ಕೆದಕಿ, ಅರೆಸುಟ್ಟ ಹಾಳೆ ಉಳಿದಿಲ್ಲ ಎಂದು ಖಚಿತ ಮಾಡಿಕೊಂಡೆ. ಅಬ್ಬಾಸ್ ಸುಣ್ಣದ ಪುಡಿ ಸುರಿದ. ನಾನು ಮಣ್ಣು ಎಳೆದೆ, ಗುದ್ದಲಿಯ ಹಿಂಭಾಗದಿಂದ ತಟ್ಟಿದೆ. ಮಣ್ಣು ಒದ್ದೆಯಾಗಿದ್ದರಿಂದ ಸರಿಯಾಗಿ ಕೂರಲಿಲ್ಲ. ಲಕ್ಷ್ಮೀದೇವಮ್ಮ ಬೇಲಿಯ ಬುಡದಿಂದ ಒಂದು ಚಪ್ಪಡಿ ಕಲ್ಲನ್ನು ಉರುಳಿಸಿಕೊಂಡು ಬಂದು, ನಾಯಿಗಳು ಕೆದರದ ಹಾಗೆ, ಅದರ ಮೇಲೆ ಎಳೆದಳು.